ಮುಚ್ಚಿದ ಪೆಟ್ಟಿಗೆಯೋ, ಪೋರ್ಟ್ ಇರುವ ಪೆಟ್ಟಿಗೆಯೋ?

ಕಾರಿನಲ್ಲಿ ಗಟ್ಟಿ ಬೇಸ್ ಬೇಕೆನ್ನುವವರು ಸಬ್‌ವೂಫರ್‌ನ, ಅಂದರೆ ಬೇಸ್ ಸ್ವರಗಳಿಗೆಂದೇ ಇರುವ ಸ್ಪೀಕರಿನ, ವಾಟ್‌ಗಳನ್ನು ವಿಚಾರಿಸುವಷ್ಟು ಅದನ್ನು ಕೂರಿಸುವ ಪೆಟ್ಟಿಗೆಯನ್ನು ವಿಚಾರಿಸುವುದಿಲ್ಲ. 12 ಇಂಚಿನ ಸಾಮಾನ್ಯ ಸಬ್‌ವೂಫರ್‌ಗೆ ಪೂರ್ತಿ ಮುಚ್ಚಿದ ಪೆಟ್ಟಿಗೆಯಾದರೆ ಸುಮಾರು 1 ಘನ ಅಡಿ ಸಾಕು. ಒಳಗಿನ ಗಾಳಿಯೇ ಸ್ಪ್ರಿಂಗ್‌ನಂತೆ ಸ್ಪೀಕರಿನ ಅದುರುವ ಕೋನನ್ನು ಹಿಡಿದಿಡುವುದರಿಂದ ತಮಟೆಯ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಪೋರ್ಟ್, ಅಂದರೆ ಗಾಳಿ ಆಡುವ ಕಿಂಡಿ, ಇರುವ ಪೆಟ್ಟಿಗೆ ಹೆಚ್ಚುಕಡಿಮೆ ಅದರ ಇಮ್ಮಡಿ ಜಾಗ ಕೇಳುತ್ತದೆಯಾದರೂ, ಅಷ್ಟೇ ಶಕ್ತಿಯ ಆಂಪ್ಲಿಫೈಯರ್‌ನಿಂದ ಪೋರ್ಟನ್ನು ಟ್ಯೂನ್ ಮಾಡಿದ ಕಂಪನಾಂಕದ ಸುತ್ತ, ಅಂದರೆ ಸಾಮಾನ್ಯವಾಗಿ 30ರಿಂದ 40 ಹರ್ಟ್ಜ್ ಆಸುಪಾಸಿನಲ್ಲಿ, ಎದೆಗೇ ತಾಕುವಷ್ಟು ಜೋರು ಕೊಡುತ್ತದೆ. ಅದಕ್ಕಿಂತ ಕೆಳಗಿನ ಸ್ವರಗಳಲ್ಲಿ ಮಾತ್ರ ಕೋನಿಗೆ ಹಿಡಿತವೇ ಇರದು. ಆ ತೀರ ಕೆಳಗಿನ ಸ್ವರಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಹಾಕದೆ ವಾಲ್ಯೂಮ್ ಏರಿಸಿದರೆ ಸಬ್‌ವೂಫರ್ ಕೆಡಬಹುದು.

ಇನ್ನು ನಮ್ಮ ಚಿಕ್ಕಮಗಳೂರಿನ ಮಾತು. ಮೂಡಿಗೆರೆಯ ಕಡೆ ಮಳೆಗಾಲದಲ್ಲಿ ಡಿಕ್ಕಿಯ ಮ್ಯಾಟ್ ಒಣಗುವುದೇ ಇಲ್ಲ; ನನ್ನ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪೆಟ್ಟಿಗೆಯ ಕೆಳ ಅಂಚು ನೆಂದ ರಸ್ಕಿನಂತೆ ಉಬ್ಬಿ, ಸ್ಕ್ರೂಗಳು ಬೆರಳಿನಲ್ಲೇ ತಿರುಗತೊಡಗಿದವು. ಗಾಳಿ ಸೋರುವ ಪೆಟ್ಟಿಗೆ ಮುಚ್ಚಿದ್ದೂ ಅಲ್ಲ, ಪೋರ್ಟ್‌ನದ್ದೂ ಅಲ್ಲ. ಆದ್ದರಿಂದ ಇಲ್ಲಿ 18 ಮಿ.ಮೀ. ಮರೈನ್ ಪ್ಲೈವುಡ್ಡೇ ಲೇಸು. ಕಾಫಿ ಮೂಟೆಗೂ ಡಿಕ್ಕಿ ಬೇಕಾದವರು ಮುಚ್ಚಿದ್ದನ್ನೇ ಆರಿಸಲಿ; ಜೋರೊಂದೇ ಗುರಿಯಾದರೆ ಪೋರ್ಟ್ ಇರುವುದು, ಅದೂ ತಯಾರಕರು ಸೂಚಿಸಿದ ಅಳತೆಗೇ.