ಬ್ಯಾಟರಿ ಸ್ವಂತವೋ, ಬಾಡಿಗೆಯೋ, ಹೈಬ್ರಿಡ್ಡೋ? ಮೂರು ಕಾರು ಓಡಿಸಿ ಹಾಕಿದ ಲೆಕ್ಕ

ಹಳೇ ಪೆಟ್ರೋಲ್ ಕಾರು ಮಾರುವುದು ಅಂತ ಆದಮೇಲೆ ಮೂರು ವಾರಾಂತ್ಯ ಮೂರು ಕಾರು ಬೇಡಿ ತಂದು ಓಡಿಸಿದೆ. ತಂಗಿಯ ಗಂಡನದು 24 ಯೂನಿಟ್ ಬ್ಯಾಟರಿಯ ಸಣ್ಣ ಎಲೆಕ್ಟ್ರಿಕ್ ಹ್ಯಾಚ್‌ಬ್ಯಾಕ್. ಆಫೀಸಿನ ಗೆಳೆಯನದು ಬ್ಯಾಟರಿ ಬಾಡಿಗೆ ಸ್ಕೀಮಿನ ಎಂಜಿ ವಿಂಡ್ಸರ್. ಎದುರುಮನೆಯವರದು ಟೊಯೋಟಾ ಹೈರೈಡರ್ ಹೈಬ್ರಿಡ್ (ಪೆಟ್ರೋಲ್ ಇಂಜಿನ್ ಜೊತೆಗೆ ಓಡುತ್ತಲೇ ತುಂಬಿಕೊಳ್ಳುವ ಬ್ಯಾಟರಿ), ಇಲ್ಲೇ ಬಿಡದಿಯಲ್ಲಿ ತಯಾರಾಗುವುದು. ಹೊರಗಿನ ಕರೆಂಟಿನಿಂದಲೂ ಚಾರ್ಜ್ ಮಾಡಬಹುದಾದ ಪ್ಲಗ್-ಇನ್ ಹೈಬ್ರಿಡ್ ನಮ್ಮಲ್ಲಿ ದುಬಾರಿ ಬ್ರ್ಯಾಂಡ್‌ಗಳಿಗೇ ಸೀಮಿತ, ಅದರ ಸುದ್ದಿಗೆ ಹೋಗಲಿಲ್ಲ.

ಸಣ್ಣ ಕಾರು ಬೆಂಗಳೂರೊಳಗೆ ಬೆಣ್ಣೆ. ರಾತ್ರಿ 15 ಆಂಪ್ ಪ್ಲಗ್ಗಿಗೆ ಹಾಕಿದರೆ ಬೆಳಗ್ಗೆ ಫುಲ್. ಯೂನಿಟ್ಟಿಗೆ ಏಳು ಕಿ.ಮೀ. ಸಿಕ್ಕಿತು, ಮನೆ ಕರೆಂಟಿಗೆ ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ಕಿ.ಮೀ.ಗೆ ಒಂದು ರೂಪಾಯಿ ಮುಟ್ಟಲಿಲ್ಲ. ಹಾಸನಕ್ಕೆ ಹೊರಟಾಗ ಮಾತ್ರ ಬೆಳ್ಳೂರು ಕ್ರಾಸ್ ಹತ್ತಿರ ಚಾರ್ಜಿಗೆ ನಿಲ್ಲಿಸಬೇಕಾಯಿತು. ಅಲ್ಲಿದ್ದ ಎರಡು ಚಾರ್ಜಿಂಗ್ ಗನ್‌ಗಳಲ್ಲಿ ಒಂದಕ್ಕೆ ಗೋಣಿಚೀಲ ಕಟ್ಟಿದ್ದರು, ಇನ್ನೊಂದಕ್ಕೆ ನನಗಿಂತ ಮುಂಚೆ ಒಬ್ಬರು ಕಾಯುತ್ತಿದ್ದರು. ಎರಡು ತಟ್ಟೆ ಇಡ್ಲಿ, ಎರಡು ಕಾಫಿ, ಆಮೇಲೂ ಕಾಯುವುದಿತ್ತು.

ವಿಂಡ್ಸರ್ ಒಳಗೆ ಕೂತರೆ ಇಳಿಯಲು ಮನಸ್ಸಾಗುವುದಿಲ್ಲ, ಹಿಂದಿನ ಸೀಟು ಅಷ್ಟು ಧಾರಾಳ. 2024ರ ಸೆಪ್ಟೆಂಬರಿನಲ್ಲಿ ಬಂದದ್ದು ಕೆಲವೇ ತಿಂಗಳಲ್ಲಿ ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವ ಎಲೆಕ್ಟ್ರಿಕ್ ಕಾರಾಯಿತು, ಅದುವರೆಗೆ ಟಾಟಾದ್ದೇ ಸಾಮ್ರಾಜ್ಯ. ಗುಟ್ಟು ಇರುವುದು ಬೆಲೆಪಟ್ಟಿಯಲ್ಲಿ. ಬಿಡುಗಡೆಯಾದಾಗ ಬ್ಯಾಟರಿ ಸಮೇತ 13.50 ಲಕ್ಷ, ಬ್ಯಾಟರಿ ಬಿಟ್ಟು 9.99 ಲಕ್ಷ ಮತ್ತು ಕಿ.ಮೀ.ಗೆ 3.50 ರೂಪಾಯಿ ಬಾಡಿಗೆ. 'ಹತ್ತು ಲಕ್ಷದೊಳಗೆ' ಅನ್ನುವ ಮಾತಿಗೆ ನಮ್ಮ ಜನ ಸೋಲದೆ ಇರುತ್ತಾರೆಯೇ?

ಆದರೆ ಪೆನ್ನು ಹಿಡಿದು ಕೂತರೆ ಕತೆ ಬೇರೆ. ವ್ಯತ್ಯಾಸ ಮೂರೂವರೆ ಲಕ್ಷ, ಬಾಡಿಗೆ ಮೂರೂವರೆ ರೂಪಾಯಿ. ಅಂದರೆ ಸಾಲದ ಬಡ್ಡಿ ಬದಿಗಿಟ್ಟರೆ ಒಂದು ಲಕ್ಷ ಕಿ.ಮೀ.ಗೆ ಎರಡೂ ಸಮ. ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವ ನನ್ನಂಥವನಿಗೆ ಎಂಟು ವರ್ಷದ ಮಾತು, ಅಲ್ಲಿಯವರೆಗೆ ಬಾಡಿಗೆಯೇ ಹಗುರ ಅನ್ನಿಸಬಹುದು. ಆದರೆ ದಿನದ ಖರ್ಚು ನೋಡಿ: ಬಾಡಿಗೆಗೆ ಕರೆಂಟಿನ ಒಂದು ರೂಪಾಯಿ ಸೇರಿಸಿದರೆ ನಾಲ್ಕೂವರೆ. ಮನೆಯಲ್ಲಿ ಪ್ಲಗ್ ಇಲ್ಲದೆ ಹೊರಗಿನ ಫಾಸ್ಟ್ ಚಾರ್ಜರಿಗೆ ಯೂನಿಟ್ಟಿಗೆ ಇಪ್ಪತ್ತರ ಹತ್ತಿರ ತೆತ್ತರೆ ಆರೂವರೆ! ನನ್ನ ಹಳೇ ಪೆಟ್ರೋಲ್ ಕಾರಿಗೇ ಏಳು ಬೀಳುತ್ತಿತ್ತು.

ಹೈರೈಡರ್ ಲೀಟರಿಗೆ 21 ಕೊಟ್ಟಿತು, ಕಿ.ಮೀ.ಗೆ ಐದು ರೂಪಾಯಿ. ಸಿಲ್ಕ್ ಬೋರ್ಡ್ ಜಾಮಿನಲ್ಲೇ ಅದರ ಜಾಣತನ: ಇಂಜಿನ್ ಆಫ್ ಆಗಿ ಬ್ಯಾಟರಿಯಲ್ಲೇ ತೆವಳುತ್ತದೆ. ಚಾರ್ಜರಿನ ಚಿಂತೆಯೇ ಇಲ್ಲ. ಹೊರೆ ಇರುವುದು ತೆರಿಗೆಯಲ್ಲಿ. ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ ಬರೀ 5%. ನಾಲ್ಕು ಮೀಟರು ಮೀರಿದ ಹೈಬ್ರಿಡ್‌ಗೆ ಸೆಸ್ ಸೇರಿ 43% ಇದ್ದದ್ದು 2025ರ ಸೆಪ್ಟೆಂಬರಿನಲ್ಲಿ 40%ಕ್ಕೆ ಇಳಿಯಿತು, ಅಷ್ಟೇ.

ಇಷ್ಟು ಸವಲತ್ತಿದ್ದೂ 2024ರಲ್ಲಿ ದೇಶದಲ್ಲಿ ಮಾರಾಟವಾದ ನೂರು ಕಾರಿನಲ್ಲಿ ಎಲೆಕ್ಟ್ರಿಕ್ ಎರಡೂವರೆಯಷ್ಟೇ. ಯಾಕೆಂದು ಕೇಳಲು ದೆಹಲಿಗೆ ಹೋಗಬೇಕಾಗಿಲ್ಲ, ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಬಂದರೆ ಸಾಕು. ಪಾರ್ಕಿಂಗ್ ಜಾಗಕ್ಕೆ ಒಂದು ಪ್ಲಗ್ ಪಾಯಿಂಟ್ ಎಳೆಸಿಕೊಳ್ಳುತ್ತೇನೆ, ಮೀಟರೂ ನಾನೇ ಹಾಕಿಸುತ್ತೇನೆ ಅಂದರೆ ಸೆಕ್ರೆಟರಿಯವರು, "ಸಾರ್, ನಿಮಗೊಬ್ಬರಿಗೆ ಕೊಟ್ರೆ ನಾಳೆ ನಲವತ್ತು ಜನ ಕೇಳ್ತಾರೆ" ಅಂದರು. ಕೇಳಲಿ ಬಿಡಿ ಸಾರ್ ಅಂದೆ. ನಕ್ಕು ಸುಮ್ಮನಾದರು.

ಅಸೋಸಿಯೇಷನ್ ಸಭೆ ಮುಂದಿನ ಭಾನುವಾರ. ಪ್ಲಗ್ ಸಿಕ್ಕರೆ ವಿಂಡ್ಸರನ್ನೇ, ಬ್ಯಾಟರಿ ಸಮೇತ, ಬುಕ್ ಮಾಡುತ್ತೇನೆ. ಸಿಗದಿದ್ದರೆ ಎದುರುಮನೆಯವರ ಕಾರಿನ ಪಕ್ಕ ಅಂಥದ್ದೇ ಇನ್ನೊಂದು ನಿಲ್ಲುತ್ತದೆ.