ಹಿರಿಯರ ನೆಲದ ಯೋಗ, ಆನ್‌ಲೈನ್ ಕೋರ್ಸ್: ಮಲಗಿಸ್ತಾರೆ ಸರಿ, ಎಬ್ಬಿಸೋರು ಯಾರು?

ಇದು ಮಗಳು ಚಂದಾ ಕಟ್ಟಿ ಕೊಡಿಸಿದ್ದು, ನಾನಾಗಿ ಹುಡುಕ್ಕೊಂಡು ಹೋಗಿದ್ದಲ್ಲ. ಮಂಡಿ ಸವೆದಿರೋರಿಗೆ, ಸೊಂಟ ಹಿಡ್ಕೊಂಡಿರೋರಿಗೆ ಅಂತಾನೇ ಮಾಡಿರೋ ರೆಕಾರ್ಡೆಡ್ ಕ್ಲಾಸ್‌ಗಳು, ಎಲ್ಲಾ ಕೂತು ಇಲ್ಲಾ ಮಲಗಿ ಮಾಡೋದೇ. ಎಷ್ಟು ವಿಡಿಯೋ ಇದೆ, ಯಾವ್ ಫೋನಲ್ಲಿ ಓಡುತ್ತೆ ಅನ್ನೋದೆಲ್ಲ ಅವರ ಪೇಜಲ್ಲೇ ಇರುತ್ತೆ, ಬಿಡಿ. ನನಗೆ 68, ಎರಡೂ ಮಂಡಿ ಸವೆದಿದೆ, ಬಲಗಡೇದು ಸ್ವಲ್ಪ ಜಾಸ್ತಿ, ಅದನ್ನ ಇಟ್ಕೊಂಡೇ ಈ ವಿಮರ್ಶೆ ಓದಿ.

ಮೊದಲು ಇಷ್ಟ ಆಗಿದ್ದು. ಪಾದದ ಕ್ಲಾಸ್! ಕಾಲು ಚಾಚಿ ಕೂತು ಕೈ ಹಿಂದಕ್ಕೆ ಊರಿ ಬರೀ ಕಾಲ್ಬೆರಳು ಮಡಿಸೋದು ಬಿಡಿಸೋದು, ಆಮೇಲೆ ಪಾದ ಮುಂದಕ್ಕೆ ಹಿಂದಕ್ಕೆ, ಆಮೇಲೆ ಹಿಮ್ಮಡಿ ಗಂಟು ತಿರುಗಿಸೋದು. ಕೀಲು ಸಡಿಲ ಮಾಡೋ ಪವನಮುಕ್ತಾಸನ ಸರಣೀಲಿ ಮೊದಲು ಬರೋದು ಇವೇ, ಪಾದಾಂಗುಲಿ ನಮನ, ಗುಲ್ಫ ನಮನ, ಗುಲ್ಫ ಚಕ್ರ. ಇದೂ ಒಂದು ಯೋಗಾನಾ ಅಂತ ನಮ್ಮ ಯಜಮಾನ್ರು ನಕ್ಕಿದ್ರು, ಈಗ ನನಗಿಂತ ಮೊದಲು ಅವರೇ ಕೂತಿರ್ತಾರೆ. ಅದಾದ್ಮೇಲೆ ಮಂಡಿಚಿಪ್ಪು ಬಿಗಿ ಹಿಡಿಯೋದು, ಜಾನುಫಲಕ ಆಕರ್ಷಣ ಅಂತಾರೆ, ನಾನು ಮಂಡಿ ಕೆಳಗೆ ಒಂದು ಟವೆಲ್ ಸುತ್ತಿ ಇಟ್ಕೊಂಡು ಅದನ್ನ ನೆಲಕ್ಕೆ ಒತ್ತಿ ತೊಡೆ ಬಿಗಿ ಮಾಡಿ ಎಣಿಸಿ ಬಿಡ್ತೀನಿ. ಮಂಡಿನೋವಿಗೆ ಫಿಸಿಯೋಥೆರಪಿಯವರು ಕೊಡೋ ವ್ಯಾಯಾಮಾನೂ ಹೆಚ್ಚುಕಮ್ಮಿ ಇದೇನೇ, ತೊಡೆ ಮುಂದಿನ ಸ್ನಾಯು ಗಟ್ಟಿ ಆದ್ರೆ ಮಂಡಿಗೆ ಬೀಳೋ ಹೊರೆ ಕಮ್ಮಿ ಆಗುತ್ತೆ.

ಬೆಳಗ್ಗೆ ಎದ್ದ ತಕ್ಷಣ ನಾನು ಚಾಪೆ ಹಾಸಲ್ಲ. ಸವೆತದ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆ ಒಳಗೆ ತಾನಾಗೇ ಸಡಿಲ ಆಗುತ್ತೆ, ಅಲ್ಲೀವರೆಗೂ ಮನೇಲಿ ಸುಮ್ನೆ ಓಡಾಡ್ತೀನಿ (ಗಂಟೆ ಮೀರಿ ಹಿಡ್ಕೊಂಡೇ ಇದ್ರೆ, ಕೀಲು ಊದಿ ಬಿಸಿ ಬಿಸಿ ಇದ್ರೆ, ಅದು ಬೇರೆ ಥರದ ಸಂಧಿವಾತ ಇರಬಹುದು, ಡಾಕ್ಟರಿಗೆ ತೋರಿಸಿ, ವಿಡಿಯೋ ನೋಡ್ತಾ ಕೂರಬೇಡಿ). ಆಮೇಲೆ ಮ್ಯಾಟು, ಅದರ ಮೇಲೆ ಮಂಡಿ ಬರೋ ಜಾಗಕ್ಕೆ ಮಡಿಸಿದ ಕಂಬಳಿ, ಕೂರೋಕೆ ಇನ್ನೊಂದು ಕಂಬಳಿ ನಾಲ್ಕು ಮಡಿಕೆ. ಈ ಎರಡನೇ ಕಂಬಳಿ ವಿಷಯ ನನಗೆ ಈ ಕೋರ್ಸಿಂದಾನೇ ಗೊತ್ತಾಗಿದ್ದು, ಕುಂಡಿ ಸ್ವಲ್ಪ ಎತ್ತರ ಆದ್ರೆ ಬೆನ್ನು ತಾನಾಗೇ ನೆಟ್ಟಗಾಗುತ್ತೆ, ಮಂಡಿ ಎದೆ ಹತ್ರ ಎದ್ದು ನಿಲ್ಲಲ್ಲ. ಕಾಲಿಗೆ ಹಾಕೋ ಬೆಲ್ಟ್ ತಗೊಳ್ಳಿ ಅಂತಾರೆ, ನಾನು ತಗೊಂಡಿಲ್ಲ, ಉದ್ದ ಟವೆಲ್ ಸಾಕು, ಮಲಗಿ ಅಂಗಾಲಿಗೆ ಹಾಕಿ ಎರಡೂ ತುದಿ ಹಿಡ್ಕೊಂಡು ಕಾಲು ನಿಧಾನ ಎತ್ತಿದ್ರೆ ತೊಡೆ ಹಿಂದೆ ಎಳೆಯುತ್ತಲ್ಲ, ಅಬ್ಬಾ ಆ ಸುಖ. ಇನ್ನೊಂದು ಕಾಲು ಮಡಿಸಿ ಪಾದ ನೆಲಕ್ಕೆ ಊರಿರಬೇಕು ಅಷ್ಟೇ, ಇಲ್ಲಾಂದ್ರೆ ಸೊಂಟ ಹಿಡಿಯುತ್ತೆ.

ಮೃದ್ವಸ್ಥಿಗೆ, ಅಂದ್ರೆ ಕೀಲಲ್ಲಿ ಮೂಳೆ ತುದಿಗಿರೋ ಮೆತ್ತೆಗೆ, ತನ್ನದೇ ರಕ್ತನಾಳ ಇಲ್ಲ, ಕೀಲಿನ ಒಳಗಿರೋ ದ್ರವದಿಂದಾನೇ ಅದಕ್ಕೆ ಪೋಷಣೆ, ಕೀಲು ಆಡಿಸಿದ್ರೆ ಆ ದ್ರವ ಓಡಾಡುತ್ತೆ ಅಂತ ಟೀಚರ್ ಒಂದು ಕಡೆ ಹೇಳ್ತಾರೆ, ಅದು ಕೇಳಿದ್ಮೇಲೆ ತಪ್ಪಿಸೋಕೆ ಮನಸ್ಸು ಬರಲಿಲ್ಲ.

ಸರಿ, ಈಗ ಕೋಪದ ವಿಷಯಕ್ಕೆ ಬರ್ತೀನಿ. ಕ್ಲಾಸ್ ಶುರು ಆಗೋದೇ ಟೀಚರ್ ಆಗಲೇ ಮ್ಯಾಟ್ ಮೇಲೆ ಕೂತಿರೋದ್ರಿಂದ. ಮುಗಿಯೋದು ಶವಾಸನದಲ್ಲಿ, ನಮಸ್ಕಾರ ಅಂತಾರೆ, ಮ್ಯೂಸಿಕ್, ಪರದೆ ಕಪ್ಪು. ನಾವು ನೆಲದ ಮೇಲೆ. ರಾತ್ರಿ ಗೊತ್ತಿಲ್ಲದ ಸ್ಟಾಪಲ್ಲಿ ಇಳಿಸಿ ಬಸ್ಸು ಹೊರಟುಹೋದಂಗೆ. ಅಲ್ಲಾ ಸ್ವಾಮಿ, ಮಂಡಿ ಬಗ್ಗದೇ ಇರೋರಿಗೆ ಅಂತ ಕೋರ್ಸ್ ಮಾಡಿದೀರಿ, ನಮಗೆ ಕಷ್ಟ ಇರೋದು ಮಲಗೋದ್ರಲ್ಲಲ್ಲ, ನೆಲಕ್ಕೆ ಇಳಿಯೋದು ಮತ್ತೆ ಏಳೋದ್ರಲ್ಲಿ, ಅದನ್ನ ಒಂದು ವಿಡಿಯೋದಲ್ಲೂ ತೋರಿಸಿಲ್ಲ ಅಂದ್ರೆ ಏನ್ ಹೇಳೋದು. ಫೀಡ್‌ಬ್ಯಾಕ್ ಬರೆದೆ, ನಿಮ್ಮ ಅಮೂಲ್ಯ ಸಲಹೆಗೆ ಧನ್ಯವಾದ ಅಂತ ಬಂತು. ಮತ್ತೆ ಬರೆದೆ. ಮತ್ತೆ ಅದೇ ಬಂತು.

ಕೊನೆಗೆ ಹೇಳಿಕೊಟ್ಟಿದ್ದು ಯಜಮಾನ್ರ ಫಿಸಿಯೋ. ಮಲಗಿದಲ್ಲಿಂದ ಸೀದಾ ಎದ್ದು ಕೂರಬಾರದು, ಒಂದು ಮಗ್ಗುಲಿಗೆ ಹೊರಳಿ ಅಲ್ಲೇ ಸ್ವಲ್ಪ ಹೊತ್ತು ಇರಬೇಕು, ಬಿಪಿ ಮಾತ್ರೆ ತಗೊಳ್ಳೋರಂತೂ ಖಂಡಿತ, ಥಟ್ ಅಂತ ಎದ್ರೆ ತಲೆ ಸುತ್ತುತ್ತೆ. ಆಮೇಲೆ ಕೈ ಒತ್ತಿ ಕೂತು, ಅಲ್ಲಿಂದ ಅಂಬೆಗಾಲಿಗೆ ಬಂದು, ಗೋಡೆಗೆ ಒರಗಿಸಿಟ್ಟ ಕುರ್ಚಿ ಹತ್ರ ಹೋಗಿ, ಎರಡೂ ಕೈ ಸೀಟ್ ಮೇಲಿಟ್ಟು, ಗಟ್ಟಿ ಇರೋ ಕಾಲಿನ ಪಾದ ಮುಂದೆ ಊರಿ, ಕೈ ಕಾಲು ಎರಡರ ಬಲಾನೂ ಹಾಕಿ ಏಳೋದು, ಎದ್ದವರು ತಿರುಗಿ ಅದೇ ಕುರ್ಚಿ ಮೇಲೆ ಒಂದ್ನಿಮಿಷ ಕೂರೋದು. ಇಳಿಯೋದು ಇದೇ ಉಲ್ಟಾ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತೆ. ಮಂಡಿ ಆಪರೇಷನ್ ಆದವರಿಗೆ ಮಂಡಿ ಊರೋದೇ ಕಷ್ಟ, ಅಂಥವರು ಗಟ್ಟಿ ಹಾಸಿಗೆ ಮೇಲೇ ಮಾಡಲಿ, ಮುಕ್ಕಾಲು ಪಾಲು ಆಸನ ಅಲ್ಲೂ ಆಗುತ್ತೆ. ಒಬ್ಬರೇ ಇರೋರು ಫೋನನ್ನ ಎದುರಿಗೆ ಸ್ಟೂಲ್ ಮೇಲೆ ನಿಲ್ಲಿಸೋ ಬದಲು ಕೈಗೆ ಸಿಗೋ ಹಾಗೆ ಪಕ್ಕದಲ್ಲೇ ಇಟ್ಕೊಳ್ಳಿ. ಮಲಗಿದ್ಮೇಲೆ ಪರದೆ ಹೇಗೂ ಕಾಣಲ್ಲ.

ತಮಾಷೆ ಅಂದ್ರೆ ಈಗ ಈ ಏಳೋದೇ ನನ್ನ ಫೇವರಿಟ್ ಆಸನ! ಬ್ರೆಜಿಲ್‌ನ ಸಂಶೋಧಕರು ಇದನ್ನೇ ಒಂದು ಪರೀಕ್ಷೆ ಮಾಡಿದಾರೆ, ನೆಲಕ್ಕೆ ಕೂರೋಕೆ 5 ಅಂಕ, ಏಳೋಕೆ 5, ಕೈಯೋ ಮಂಡಿಯೋ ಊರಿದಾಗೆಲ್ಲ ಒಂದು ಕಟ್, ಓಲಾಡಿದ್ರೆ ಅರ್ಧ. 51ರಿಂದ 80 ವರ್ಷದ ಎರಡು ಸಾವಿರ ಜನರನ್ನ ನೋಡಿ 2012ರಲ್ಲಿ ಪ್ರಕಟಿಸಿದ್ರು, ಕಮ್ಮಿ ಅಂಕ ಬಂದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವು ಹೆಚ್ಚಿತ್ತಂತೆ. ಅದನ್ನ ಓದಿ ಹೆದರಬೇಡಿ, ಏಳೋಕಾಗದೇ ಇರೋದೇ ಸಾವಿಗೆ ಕಾರಣ ಅಂತ ಅಲ್ಲ, ಕಾಲಿನ ಬಲ, ಬ್ಯಾಲೆನ್ಸ್, ತೂಕ ಎಲ್ಲಾ ಒಟ್ಟಿಗೆ ಅದ್ರಲ್ಲಿ ಕಾಣುತ್ತೆ ಅಷ್ಟೇ. ಮಂಡಿ ನೋವಿರೋರು ಅಂಕಕ್ಕೋಸ್ಕರ ಕೈ ಊರದೆ ಏಳೋಕೆ ಹೋಗ್ಲೇಬೇಡಿ. ನಾನಂತೂ ಕುರ್ಚಿ ಹಿಡ್ಕೊಂಡೇ ಏಳೋದು, ನಾಚಿಕೆ ಏನಿಲ್ಲ.

ಇನ್ನೊಂದು, ಈ ಕೋರ್ಸಿನ ಎರಡನೇ ಹಂತ. ಅಲ್ಲಿ ಪಶ್ಚಿಮೋತ್ತಾನಾಸನ ಬರುತ್ತೆ, ಕಾಲು ಚಾಚಿ ಕೂತು ಮುಂದಕ್ಕೆ ಬಗ್ಗೋದು, ಮೂಳೆ ಟೊಳ್ಳಾಗಿರೋರು ಬೆನ್ನು ಗುಂಡಗೆ ಮಾಡಿ ಜೋರಾಗಿ ಮುಂದಕ್ಕೆ ಬಗ್ಗಿದ್ರೆ ಬೆನ್ನುಮೂಳೆ ಕುಸಿಯೋ ಅಪಾಯ ಇದೆ, ಒಂದು ಮಾತು ಎಚ್ಚರಿಕೆ ಇಲ್ಲ. ತಲೆ ಕೆಳಗೆ ಬರೋ ಆಸನಾನೂ ಇದೆ, ಯಜಮಾನ್ರಿಗೆ ಗ್ಲಾಕೋಮಾ, ಕಣ್ಣಿನ ಒತ್ತಡ ಏರುತ್ತೆ ಅಂತ ಅವರು ಮುಟ್ಟಲ್ಲ. ಅಂಗಾಲು ಜೋಡಿಸಿ ಕೂರೋ ಚಿಟ್ಟೆ ಆಸನದಲ್ಲಿ ಮಂಡೀನ ಪಟಪಟ ಬಡಿಯೋದು ಬೇರೆ, ನಮ್ಮ ವಯಸ್ಸಿಗೆ ಯಾಕೆ ಬೇಕು? ನಾನು ಮಲಗಿ ಎರಡೂ ತೊಡೆ ಕೆಳಗೆ ದಿಂಬು ಕೊಟ್ಟು ಸುಮ್ನೆ ಬಿಡ್ತೀನಿ. ಮಾಡಿ ಎರಡು ಗಂಟೆ ಆದ್ರೂ ಮೊದಲಿಗಿಂತ ಜಾಸ್ತಿ ನೋವಿದ್ರೆ ಅವತ್ತು ಅತಿ ಆಯ್ತು ಅಂತ ಲೆಕ್ಕ, ಮಾರನೇ ದಿನ ಕಮ್ಮಿ ಮಾಡ್ತೀನಿ. ಇದೂ ಫಿಸಿಯೋ ಹೇಳಿದ್ದೇ.

ವರ್ಷದ ಚಂದಾ ಮುಗೀತು, ಮತ್ತೆ ಕಟ್ಟಬೇಡ ಅಂತ ಮಗಳಿಗೆ ಹೇಳಿದ್ದೆ. ಪಾದದ ಕ್ಲಾಸ್ ಬಾಯಿಪಾಠ ಆಗಿದೆ, ಪೆನ್ಷನ್ ಹಣದಲ್ಲಿ ಇದಕ್ಯಾಕೆ. ಆದ್ರೆ ಯಜಮಾನ್ರು ಆ ಟೀಚರ್ ದನಿ ಇಲ್ದೆ ಶವಾಸನ ಆಗಲ್ಲ ಅಂತ ಕೂತ್ಬಿಟ್ರು. ನಿಜ ಹೇಳ್ಬೇಕಂದ್ರೆ ದನಿ ಚೆನ್ನಾಗೇ ಇದೆ, ಅವಸರ ಇಲ್ಲ, ಉಸಿರು ಬಿಡೋಕೆ ಟೈಮ್ ಕೊಡ್ತಾರೆ. ಹಾಗಾಗಿ ಈಗ ತಿಂಗಳ ಪ್ಲಾನಿಗೆ ಬಂದಿದೀವಿ. ತಗೊಳ್ಳೋರು ನೀವೂ ತಿಂಗಳದ್ದೇ ತಗೊಳ್ಳಿ, ಎರಡನೇ ಹಂತ ತೆರೀಬೇಡಿ, ಕುರ್ಚಿ ಮೊದಲು ಗೋಡೆಗೆ ಇಡಿ.