ಹಳೆಯ ಹೀರೋಗಳನ್ನು ನೋಡಲು ಗ್ರೀನ್ ಬೇಯೋ, ಡಲ್ಲಾಸೋ?

ಅಮೆರಿಕನ್ ಫುಟ್‌ಬಾಲ್ ಇಷ್ಟ, ಆದರೆ ಒಂದೇ ಸ್ಟೇಡಿಯಂಗೆ ಹೋಗಲು ರಜೆ ಇದೆ ಅಂದರೆ ನನ್ನ ಓಟು ಗ್ರೀನ್ ಬೇಗೆ. 1919ರಲ್ಲಿ ಹುಟ್ಟಿದ ಅಲ್ಲಿನ ಪ್ಯಾಕರ್ಸ್ ತಂಡದ ಹಾಲ್ ಆಫ್ ಫೇಮ್, ಅಂದರೆ ಹಳೆಯ ಹೀರೋಗಳ ಮ್ಯೂಸಿಯಂ, ಅವರ ಸ್ಟೇಡಿಯಂ ಲ್ಯಾಂಬೊ ಫೀಲ್ಡ್‌ನಲ್ಲೇ ಇದೆ. ಕೋಚ್ ವಿನ್ಸ್ ಲೊಂಬಾರ್ಡಿಯವರ ಆಫೀಸನ್ನು ಮೇಜು ಸಮೇತ ಮತ್ತೆ ಕಟ್ಟಿದ್ದಾರೆ, ಅಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. ಡಾನ್ ಹಟ್ಸನ್ ಅವರ 14, ಬಾರ್ಟ್ ಸ್ಟಾರ್ ಅವರ 15, ಈ ನಂಬರಿನ ಜೆರ್ಸಿಗಳು ಇನ್ನು ಯಾರಿಗೂ ಸಿಗಲ್ಲ. ಎಂಥ ಗೌರವ ಅಲ್ವಾ!

ಡಲ್ಲಾಸ್ ಕೌಬಾಯ್ಸ್ ಹೀಗೆ ಅಧಿಕೃತವಾಗಿ ನಂಬರ್ ಎತ್ತಿಡುವುದಿಲ್ಲ. ಅವರದು ರಿಂಗ್ ಆಫ್ ಆನರ್, ಅಂದರೆ ಹೀರೋಗಳ ಹೆಸರನ್ನು ಸ್ಟೇಡಿಯಂನಲ್ಲಿ ಹಾಕುವ ಗೌರವ. ಅದು 1975ರಲ್ಲಿ ಆಟಗಾರ ಬಾಬ್ ಲಿಲ್ಲಿ ಅವರಿಂದ ಶುರುವಾಯಿತು. ಆಟಗಾರರಾದ ಟ್ರಾಯ್ ಏಕ್‌ಮನ್, ಮೈಕಲ್ ಇರ್ವಿನ್, ಎಮಿಟ್ ಸ್ಮಿತ್ ಮೂವರೂ 2005ರಲ್ಲಿ ಒಟ್ಟಿಗೇ ಸೇರಿದರು. ಹೆಸರುಗಳು ಡಲ್ಲಾಸ್ ಪಕ್ಕದ ಆರ್ಲಿಂಗ್ಟನ್‌ನಲ್ಲಿರುವ ಅವರ ಸ್ಟೇಡಿಯಂ ಒಳಗೇ ಸುತ್ತಲೂ ಇವೆ. ಮ್ಯಾಚ್ ಟಿಕೆಟ್ ಸಿಕ್ಕಿದರೆ ಡಲ್ಲಾಸ್ ಚೆಂದ. ಕತೆ ಬೇಕಾದವರಿಗೆ ಗ್ರೀನ್ ಬೇಯೇ ಸರಿ. ಡಿಸೆಂಬರ್‌ನಲ್ಲಾದರೆ ದಪ್ಪ ಜಾಕೆಟ್ ಬೇಕೇ ಬೇಕು.